90 ದಿನದ ವರದಿಯ ದಿನಾಂಕ ಊರಿನಲ್ಲಿರುವಾಗಲೇ ಬಂದರೆ ಏನು ಮಾಡಬೇಕು?

ಪ್ರಶ್ನೆ: ತುಂಗೆಯ ದಡದವನು, ಸದ್ಯ ತೀರ್ಥಹಳ್ಳಿ. 26 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಥಾಯ್ಲೆಂಡಿನ ರಾಯಾಂಗ್ ಪ್ರಾಂತ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ಮತ್ತು ಏಳು ವರ್ಷದ ಮಗಳು ಅಲ್ಲಿ ಜೊತೆಯಲ್ಲಿದ್ದಾರೆ. ತಂದೆಯವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದು, ಈ ಸಲದ ಅಡಿಕೆ ಕೊಯ್ಲನ್ನು ನಿಂತು ಮಾಡಿಸುವವರು ಮನೆಯಲ್ಲಿ ಯಾರೂ ಇಲ್ಲದ ಕಾರಣ, ಸಂಬಳವಿಲ್ಲದ ರಜೆ ಹಾಕಿ ನವೆಂಬರ್ 9ರಂದು ನಾನೊಬ್ಬನೇ ಊರಿಗೆ ಬಂದೆ. ಮಗಳ ಶಾಲೆ ತಪ್ಪಬಾರದೆಂದು ಅವರಿಬ್ಬರೂ ಅಲ್ಲಿಯೇ ಉಳಿದಿದ್ದಾರೆ. ಸಂಕ್ರಾಂತಿ ಕಳೆದು, ಕೊನೆಯ ಕೊಯ್ಲನ್ನೂ ಮುಗಿಸಿ, ಜನವರಿ 20ಕ್ಕೆ ಹಿಂತಿರುಗುವುದೆಂದು ಟಿಕೆಟ್ ಮಾಡಿಸಿಕೊಂಡಿದ್ದೇನೆ.

ಸಮಸ್ಯೆ ಹೀಗಿದೆ. ಪಾಸ್‌ಪೋರ್ಟಿಗೆ ಸ್ಟೇಪಲ್ ಮಾಡಿರುವ 90 ದಿನದ ವರದಿಯ (ಅಲ್ಲಿರುವ ವಿದೇಶೀಯರು 90 ದಿನಕ್ಕೊಮ್ಮೆ ತಮ್ಮ ವಿಳಾಸ ತಿಳಿಸುವ ವರದಿ) ಚೀಟಿಯಲ್ಲಿ ಮುಂದಿನ ದಿನಾಂಕ ಬೌದ್ಧ ಶಕೆಯ ಲೆಕ್ಕದಲ್ಲಿ 2 ಡಿಸೆಂಬರ್ 2568, ಅಂದರೆ 2025, ಎಂದಿದೆ. ಮೊನ್ನೆ ಇಲ್ಲಿಂದಲೇ ಆನ್‌ಲೈನಿನಲ್ಲಿ ಆ ವರದಿಯ ಫಾರ್ಮಾದ ಟಿಎಂ 47 ಸಲ್ಲಿಸಲು ಮೂರು ಬಾರಿ ಯತ್ನಿಸಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದಾಚೆಯ ಧರೆಯ (ಮಣ್ಣಿನ ದಿಬ್ಬದ) ಮೇಲೆ ನಿಂತಾಗ ಮಾತ್ರ. ಅಲ್ಲಿಯೇ ನಿಂತು ಅರ್ಜಿ ಕಳುಹಿಸಿದರೆ ಮರುದಿನ ತಿರಸ್ಕೃತವಾಗಿದೆ ಎಂಬ ಉತ್ತರ ಬಂತು. ಈ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಕಂಪನಿಯ ಏಜೆಂಟರಿಗೆ ಫೋನ್ ಮಾಡಿದರೆ ‘ಚಿಂತೆ ಬೇಡ’ ಎಂದಷ್ಟೇ ಹೇಳುತ್ತಾರೆ.

ವರದಿ ಸಲ್ಲಿಸಲೆಂದೇ ನಾನು ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಬರಬೇಕೇ? ತಡವಾದರೆ ದಂಡವೆಷ್ಟು? ಹೆಂಡತಿ, ಮಗಳ ಚೀಟಿಯಲ್ಲಿಯೂ ಅದೇ ದಿನಾಂಕವಿದೆ. ನನ್ನ ವರದಿಯೊಂದಿಗೇ ಅವರದೂ ಆಗುತ್ತದೆಯೇ? ಇನ್ನೊಂದು ವಿಷಯ, ಅಕ್ಟೋಬರಿನಲ್ಲಿ ನಾವು ಬಾಡಿಗೆ ಮನೆ ಬದಲಿಸಿದ್ದೇವೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ವಿನೋಬನಗರ, ಶಿವಮೊಗ್ಗ

ನಾನು ಬ್ಯಾಂಕಾಕಿನಲ್ಲಿ ಆರು ವರ್ಷ ಇದ್ದು ಬಂದವನು. ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ತಡವಾದರೆ ನಾವಾಗಿಯೇ ಕಚೇರಿಗೆ ಹೋಗಿ 2,000 ಬಾತ್ ಕಟ್ಟಿದರೆ ಮುಗಿಯಿತು, ಯಾರೂ ಜೈಲಿಗೆ ಹಾಕುವುದಿಲ್ಲ. ವಿಮಾನದ ಟಿಕೆಟ್ಟಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ನಿಶ್ಚಿಂತೆಯಿಂದ ಕೊಯ್ಲು ಮುಗಿಸಿಕೊಂಡು ಹೋಗಿ.

ಉತ್ತರ: ಹೊಸನಗರದವಳು, ಬ್ಯಾಂಕಾಕ್. 27 ನವೆಂಬರ್

ಮೇಲಿನವರು ಹೇಳಿದ ದಂಡದ ಮೊತ್ತ ಸರಿಯಾಗಿದೆ. ನಾವಾಗಿ ಹೋದರೆ 2,000 ಬಾತ್, ವರದಿ ಮಾಡದೆ ಸಿಕ್ಕಿಬಿದ್ದರೆ 4,000. ಆದರೆ ಪ್ರಶ್ನೆ ಕೇಳಿದವರ ಸಂದರ್ಭಕ್ಕೆ ಆ ಉತ್ತರ ಹೊಂದುವುದಿಲ್ಲ. ಅವರು ಹೆದರಬೇಕಾದ ದಿನಾಂಕ ಡಿಸೆಂಬರ್ 2 ಅಲ್ಲವೇ ಅಲ್ಲ. ಒಂಬತ್ತು ವರ್ಷಗಳಿಂದ ಈ ಕಾಗದಗಳ ಜೊತೆ ಬಾಳುತ್ತಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಥಾಯ್ಲೆಂಡಿನ 1979ರ ವಲಸೆ ಕಾಯಿದೆಯ 37ನೇ ಕಲಮಿನ ಪ್ರಕಾರ, ತಾತ್ಕಾಲಿಕ ವಾಸದ ಅನುಮತಿಯ ಮೇಲೆ ಅಲ್ಲಿರುವ ವಿದೇಶೀಯರು ಸತತವಾಗಿ 90 ದಿನ ಉಳಿದಾಗಲೆಲ್ಲ ‘ನಾನು ಇಂಥ ವಿಳಾಸದಲ್ಲಿದ್ದೇನೆ’ ಎಂದು ತಿಳಿಸಬೇಕು. ಇಲ್ಲಿ ‘ಸತತವಾಗಿ’ ಎಂಬ ಮಾತೇ ಮುಖ್ಯ. ನೀವು ನವೆಂಬರ್ 9ರಂದು ದೇಶ ಬಿಟ್ಟ ಕ್ಷಣಕ್ಕೆ ಆ ಎಣಿಕೆ ಕಡಿದುಹೋಯಿತು. ಮರಳಿ ಇಳಿದ ದಿನವನ್ನೇ ಒಂದನೆಯ ದಿನವೆಂದು ಹಿಡಿದು ಹೊಸದಾಗಿ ಎಣಿಸಬೇಕು. ದೇಶದಲ್ಲಿಯೇ ಇಲ್ಲದವರು ‘ಇಲ್ಲಿದ್ದೇನೆ’ ಎಂದು ವರದಿ ಮಾಡುವಂತಿಲ್ಲವಾದ್ದರಿಂದ ನಿಮ್ಮ ಆನ್‌ಲೈನ್ ಅರ್ಜಿ ತಿರಸ್ಕೃತವಾದದ್ದು ಸರಿಯೇ, ಅದರಲ್ಲಿ ಸಿಗ್ನಲ್ಲಿನ ತಪ್ಪಿಲ್ಲ. ಆದ್ದರಿಂದ ಡಿಸೆಂಬರ್ 2 ನಿಮ್ಮ ಪಾಲಿಗೆ ಸತ್ತುಹೋದ ದಿನಾಂಕ. ಆ ಚೀಟಿಯನ್ನು ಕಿತ್ತು ಬಿಸಾಡಬೇಡಿ, ಆದರೆ ಅದಕ್ಕಾಗಿ ನಿದ್ದೆಗೆಡಲೂಬೇಡಿ.

ಹೆಂಡತಿ ಮತ್ತು ಮಗಳ ವಿಷಯ ಬೇರೆ. ಅವರು ದೇಶ ಬಿಟ್ಟಿಲ್ಲ, ಅವರ ಎಣಿಕೆ ನಿಂತಿಲ್ಲ. ಒಬ್ಬರ ವರದಿ ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಒಂದೊಂದು ಪಾಸ್‌ಪೋರ್ಟಿಗೂ ಒಂದೊಂದು ಟಿಎಂ 47 ಬೇಕು. ಆನ್‌ಲೈನ್ ಕಿಟಕಿ ದಿನಾಂಕಕ್ಕೆ 15 ದಿನ ಮೊದಲು ತೆರೆದು 7 ದಿನ ಮೊದಲೇ ಮುಚ್ಚುತ್ತದೆ, ಅಂದರೆ ಮೊನ್ನೆ 25ಕ್ಕೇ ಮುಚ್ಚಿದೆ. ನೋಂದಾಯಿತ ಅಂಚೆಗೆ 15 ದಿನ ಮೊದಲೇ ಕಳುಹಿಸಬೇಕಿತ್ತು, ಅದೂ ದಾಟಿತು. ಉಳಿದಿರುವ ದಾರಿಯೆಂದರೆ ವಾಸವಿರುವ ಪ್ರಾಂತ್ಯದ ಇಮಿಗ್ರೇಷನ್ ಕಚೇರಿಗೆ ಖುದ್ದಾಗಿ ಹೋಗುವುದು, ಇಲ್ಲವೇ ಅಧಿಕಾರಪತ್ರ ಬರೆದುಕೊಟ್ಟು ಬೇರೆಯವರನ್ನು ಕಳುಹಿಸುವುದು. ಖುದ್ದಾಗಿ ಹೋಗುವವರಿಗೆ ದಿನಾಂಕದ ನಂತರವೂ 7 ದಿನ ದಂಡವಿಲ್ಲದ ಅವಕಾಶವಿದೆ. ಲೆಕ್ಕಕ್ಕೆ ಡಿಸೆಂಬರ್ 9ರ ತನಕ ಆಯಿತು. ಆದರೆ 5ನೇ ತಾರೀಕು ಅಲ್ಲಿ ರಾಷ್ಟ್ರೀಯ ರಜೆ, ಅದು ಶುಕ್ರವಾರ ಬಂದಿದೆ, 6 ಮತ್ತು 7 ಶನಿವಾರ, ಭಾನುವಾರ. ಏಳು ದಿನದಲ್ಲಿ ಮೂರು ದಿನ ಬಾಗಿಲು ಮುಚ್ಚಿರುತ್ತದೆ. ಬರುವ ಸೋಮವಾರವೇ ಹೋಗುವುದು ಕ್ಷೇಮ.

ಹೋಗುವ ಮೊದಲು ಮನೆಯ ಮಾಲೀಕರು ಟಿಎಂ 30 ಸಲ್ಲಿಸಿದ್ದಾರೆಯೇ ಎಂದು ಕೇಳಲು ಹೇಳಿ. ವಿದೇಶೀಯರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ತಿಳಿಸಬೇಕೆಂದು ಅದೇ ಕಾಯಿದೆಯ 38ನೇ ಕಲಮು ಹೇಳುತ್ತದೆ. ಕರ್ತವ್ಯ ಮಾಲೀಕರದು, ಆದರೆ ಕೌಂಟರಿನಲ್ಲಿ ನಿಂತು ಕೈಹಿಸುಕಿಕೊಳ್ಳುವವರು ಬಾಡಿಗೆದಾರರು. ನೀವು ಅಕ್ಟೋಬರಿನಲ್ಲಿ ಮನೆ ಬದಲಿಸಿದ್ದೀರಿ ಎಂದರೆ ಟಿಎಂ 47ರಲ್ಲಿ ಬರೆಯುವ ವಿಳಾಸಕ್ಕೂ ಅವರ ಕಂಪ್ಯೂಟರಿನಲ್ಲಿರುವ ವಿಳಾಸಕ್ಕೂ ತಾಳೆಯಾಗದೆ ಅಲ್ಲಿಯೇ ತಡೆಹಿಡಿಯುವ ಸಂಭವ ಹೆಚ್ಚು. ಬಾಡಿಗೆ ಕರಾರಿನ ಪ್ರತಿ, ಮಾಲೀಕರ ಗುರುತಿನ ಚೀಟಿಯ ಪ್ರತಿ ಜೊತೆಯಲ್ಲಿರಲಿ.

ಇಷ್ಟು ನೀವು ಕೇಳಿದ ಪ್ರಶ್ನೆಗೆ. ನೀವು ಕೇಳದ ಎರಡು ಪ್ರಶ್ನೆಗಳನ್ನು ನಾನೇ ಕೇಳುತ್ತೇನೆ. ಹೊರಡುವ ಮೊದಲು ಮರುಪ್ರವೇಶದ ಅನುಮತಿ, ಅಂದರೆ ರೀ-ಎಂಟ್ರಿ ಪರ್ಮಿಟ್ ಪಡೆದಿದ್ದೀರಾ? ಮತ್ತು ನಿಮ್ಮ ವಾಸದ ಅನುಮತಿ ಯಾವ ದಿನಕ್ಕೆ ಮುಗಿಯುತ್ತದೆ? 90 ದಿನದ ಚೀಟಿಯಲ್ಲಿರುವುದು ವರದಿಯ ದಿನಾಂಕ ಮಾತ್ರ. ಅದು ವೀಸಾವನ್ನು ಒಂದು ದಿನವೂ ಉದ್ದ ಮಾಡುವುದಿಲ್ಲ. ಪಾಸ್‌ಪೋರ್ಟಿನ ಪುಟದ ಮೇಲೆ ಒತ್ತಿರುವ ಮೊಹರುಗಳನ್ನು ನೋಡಿ ಹೇಳಿ. ಇಸವಿ ಬೌದ್ಧ ಶಕೆಯಲ್ಲಿದ್ದರೆ 543 ಕಳೆಯಿರಿ. ಸಂಕಲ್ಪ ಹೇಳುವಾಗ ಶಾಲಿವಾಹನ ಶಕೆ 1947 ಎನ್ನುವ ನಮಗೆ ಅದೇನೂ ಹೊಸ ಕಸರತ್ತಲ್ಲ.

ಪ್ರತಿಕ್ರಿಯೆ: ತುಂಗೆಯ ದಡದವನು

ತುಂಬ ಉಪಕಾರವಾಯಿತು, ಅಕ್ಕಾ. ಈಗ ಪಾಸ್‌ಪೋರ್ಟ್ ತೆರೆದು ನೋಡಿದೆ. ಮರುಪ್ರವೇಶದ ಅನುಮತಿಯ ಮೊಹರು ಇದೆ. ಏಜೆಂಟರು ಹೊರಡುವ ಹಿಂದಿನ ವಾರ 1,000 ಬಾತ್ ಶುಲ್ಕವೆಂದು ತೆಗೆದುಕೊಂಡಿದ್ದರು, ಒಂದೇ ಬಾರಿಯದು. ವಾಸದ ವಿಸ್ತರಣೆಯ ಮೊಹರಿನಲ್ಲಿ 12 ಜನವರಿ 2026 ಎಂದಿದೆ, ಮರುಪ್ರವೇಶದ ಮೊಹರಿನಲ್ಲಿಯೂ ಅದೇ ದಿನಾಂಕ. ನನ್ನ ಟಿಕೆಟ್ಟಿರುವುದು ಜನವರಿ 20ಕ್ಕೆ. ಮರುಪ್ರವೇಶದ ಅನುಮತಿಯಿದ್ದರೆ ಯಾವಾಗ ಬೇಕಾದರೂ ಮರಳಬಹುದೆಂದು ನಾನು ತಿಳಿದಿದ್ದೆ.

ಉತ್ತರ: ಹೊಸನಗರದವಳು, ಬ್ಯಾಂಕಾಕ್

ನಾನು ಊಹಿಸಿದಂತೆಯೇ ಆಯಿತು. ಮರುಪ್ರವೇಶದ ಅನುಮತಿ ನಿಮ್ಮ ವಾಸದ ಅನುಮತಿಯನ್ನು ನೀವು ಹೊರಗಿರುವಾಗ ಜೀವಂತವಾಗಿ ಇಡುತ್ತದೆ, ಅಷ್ಟೇ. ಅದು ಇಲ್ಲದೆ ದೇಶ ಬಿಟ್ಟರೆ ವಿಸ್ತರಣೆ ಅಂದೇ ರದ್ದಾಗುತ್ತದೆ, ಇದ್ದರೆ ವಿಸ್ತರಣೆಯ ಕೊನೆಯ ದಿನದವರೆಗೆ ಮಾತ್ರ ಬಾಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟ ವೀಳ್ಯದೆಲೆಯಂತೆ; ಎರಡು ದಿನ ಬಾಡದೆ ಇರುತ್ತದೆ, ಆದರೆ ಎಲೆ ಹೊಸದಾಗುವುದಿಲ್ಲ.

ಜನವರಿ 20ರಂದು ನೀವು ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದರೆ ನಿಮ್ಮ ಕೈಯಲ್ಲಿ ನೌಕರಿಯ ಆಧಾರದ ಅನುಮತಿಯೇ ಇರುವುದಿಲ್ಲ. ಭಾರತೀಯರಿಗಿರುವ ವೀಸಾ ವಿನಾಯಿತಿಯಲ್ಲಿ ಪ್ರವಾಸಿಯೆಂದು ಒಳಗೆ ಬಿಡಬಹುದು, ಆದರೆ ಪ್ರವಾಸಿಯಾಗಿ ಬಂದವರು ಕಾರ್ಖಾನೆಗೆ ಕಾಲಿಡುವಂತಿಲ್ಲ. ನೌಕರಿಯ ವೀಸಾಕ್ಕೆ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಸಂಗತಿ ನಿಮ್ಮ ಮನೆಯವರದು. ಅವರ ಅನುಮತಿ ನಿಮ್ಮ ಅನುಮತಿಗೆ ಹಬ್ಬಿದ ಬಳ್ಳಿ. ಅವರ ಮೊಹರಿನಲ್ಲಿಯೂ ಜನವರಿ 12 ಎಂದೇ ಇರುತ್ತದೆ, ಒಮ್ಮೆ ಕೇಳಿ ನೋಡಿ. ನಿಮ್ಮದು ನವೀಕರಣವಾಗದೆ ಅವರದು ಆಗುವುದಿಲ್ಲ. 13ರಿಂದ ಅವರು ಅವಧಿ ಮೀರಿ ಉಳಿದವರಾಗುತ್ತಾರೆ. ಅದಕ್ಕೆ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡ. ದುಡ್ಡು ಕಟ್ಟಿ ತೀರುವ ವಿಷಯವೂ ಅದಲ್ಲ, ಮುಂದಿನ ವೀಸಾದ ಅರ್ಜಿಗಳಲ್ಲಿ ಅದು ಎದ್ದು ಕಾಣುತ್ತದೆ. 90 ದಿನದ ವರದಿ ತಪ್ಪುವುದಕ್ಕೂ ವಾಸದ ಅವಧಿ ಮೀರುವುದಕ್ಕೂ ಇರುವ ಈ ಅಂತರವನ್ನು ಎಷ್ಟೋ ವರ್ಷ ಅಲ್ಲಿದ್ದವರೂ ಕಲಸಿಕೊಳ್ಳುತ್ತಾರೆ. ವಿನೋಬನಗರದವರು ಬೇಸರಿಸಬಾರದು, ‘ದಂಡ ಕಟ್ಟಿದರಾಯಿತು’ ಎಂಬ ಮಾತು ಮೊದಲನೆಯದಕ್ಕೆ ಹೇಗೋ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲದು.

ವಿಸ್ತರಣೆಯ ಅರ್ಜಿಯನ್ನು ಥಾಯ್ಲೆಂಡಿನೊಳಗೆ ಇದ್ದುಕೊಂಡೇ, ಅವಧಿ ಮುಗಿಯುವ ಮೊದಲೇ ಸಲ್ಲಿಸಬೇಕು. ಸಾಮಾನ್ಯವಾಗಿ 30 ದಿನ ಮೊದಲಿನಿಂದ ಸ್ವೀಕರಿಸುತ್ತಾರೆ, ನಿಮಗೆ ಡಿಸೆಂಬರಿನ ಎರಡನೇ ವಾರದ ಕೊನೆಯಿಂದ. ಆದ್ದರಿಂದ ನಿಮಗಿರುವುದು ಎರಡು ದಾರಿ. ಡಿಸೆಂಬರಿನ ನಡುವೆ ಹೋಗಿ, ಮೂವರದೂ ನವೀಕರಿಸಿಕೊಂಡು, ಹೊಸ ಮರುಪ್ರವೇಶದ ಅನುಮತಿ ಪಡೆದು ಮತ್ತೆ ಊರಿಗೆ ಬರುವುದು ಒಂದು. ಜನವರಿಯ ಮೊದಲ ವಾರವೇ ಹಿಂತಿರುಗಿ ಅಲ್ಲಿಯೇ ನಿಲ್ಲುವುದು ಇನ್ನೊಂದು. ಯಾವುದೇ ಆಗಲಿ, ಕಂಪನಿಯ ಪತ್ರ, ತೆರಿಗೆಯ ದಾಖಲೆಗಳು, ವರ್ಕ್ ಪರ್ಮಿಟ್ಟಿನ ನವೀಕರಣ, ಇವನ್ನು ಸಿದ್ಧಪಡಿಸಲು ಏಜೆಂಟರಿಗೆ ಈಗಲೇ ಇಮೇಲ್ ಬರೆಯಿರಿ. ಫೋನಿನಲ್ಲಿ ‘ಚಿಂತೆ ಬೇಡ’ ಎನ್ನುವವರು ಬರಹದಲ್ಲಿ ಕೇಳಿದಾಗ ದಿನಾಂಕ ಹೇಳಲೇಬೇಕಾಗುತ್ತದೆ. ಜನವರಿ 5ಕ್ಕೆ ಇಳಿದಿರಿ ಎಂದಿಟ್ಟುಕೊಂಡರೆ ನಿಮ್ಮ ಹೊಸ 90ನೇ ದಿನ ಏಪ್ರಿಲ್ 4. ಖುದ್ದಾಗಿ ಹೋಗುವುದಾದರೆ ಮಾರ್ಚ್ 20ರಿಂದ ಏಪ್ರಿಲ್ 11ರವರೆಗೆ, ಆನ್‌ಲೈನಿಗಾದರೆ ಮಾರ್ಚ್ 28ರೊಳಗೆ. ಮೊದಲ ಬಾರಿಯ ವಿಸ್ತರಣೆಯ ಅರ್ಜಿಯನ್ನು ಮಾತ್ರ 90 ದಿನದ ವರದಿಗೆ ಸಮವೆಂದು ಪರಿಗಣಿಸುತ್ತಾರೆ, ನಂತರದ ನವೀಕರಣಗಳಿಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ ಜನವರಿಯಲ್ಲಿ ಮೊಹರು ಬಿತ್ತೆಂದು ಏಪ್ರಿಲನ್ನು ಮರೆಯಬೇಡಿ.

ಇನ್ನೊಂದು ಸಣ್ಣ ವಿಷಯ. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶೀಯರೆಲ್ಲರೂ ಆಗಮನದ ಡಿಜಿಟಲ್ ಕಾರ್ಡನ್ನು ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ; ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಧರೆಯ ಮೇಲೆ ನಿಂತು ತುಂಬುವ ಬದಲು ಶಿವಮೊಗ್ಗಕ್ಕೋ ಬೆಂಗಳೂರಿಗೋ ಬಂದ ಮೇಲೆ ತುಂಬಿದರೆ ಒಳ್ಳೆಯದು.

ಉತ್ತರ: ಜೋಗದ ದಾರಿ, ಸಾಗರ ತಾಲ್ಲೂಕು

ಮನೆಯ ಮಾಲೀಕರ ಕಡೆಯಿಂದ ಒಂದು ಮಾತು ಹೇಳಬೇಕೆನಿಸಿತು, ಏಕೆಂದರೆ ನಾನು ಆ ಬದಿಯಲ್ಲಿ ನಿಂತವನು. ನಮ್ಮದು ನಾಲ್ಕು ಕೋಣೆಗಳ ಹೋಮ್‌ಸ್ಟೇ. ನಮ್ಮ ದೇಶದಲ್ಲಿಯೂ ವಿದೇಶೀಯ ಅತಿಥಿ ಬಂದ 24 ಗಂಟೆಯೊಳಗೆ ನಾವು ‘ಸಿ ಫಾರ್ಮ್’ ಎಂದು ಕರೆಯುವ ವಿವರವನ್ನು ಆನ್‌ಲೈನಿನಲ್ಲಿ ಕಳುಹಿಸಬೇಕು. 1946ರ ವಿದೇಶೀಯರ ಕಾಯಿದೆಯೂ ಅದರ ಜೊತೆಗಿನ ಇನ್ನೂ ಮೂರು ಕಾಯಿದೆಗಳೂ ಹೋಗಿ, ಈ ಸೆಪ್ಟೆಂಬರ್ 1ರಿಂದ ಒಂದೇ ಹೊಸ ಕಾಯಿದೆ ಜಾರಿಗೆ ಬಂದಿದೆಯಾದರೂ ತಿಳಿಸುವ ಹೊಣೆ ನಮ್ಮಿಂದ ಇಳಿದಿಲ್ಲ.

ಎರಡು ಮಳೆಗಾಲದ ಹಿಂದೆ, ಜುಲೈ ತಿಂಗಳಲ್ಲಿ, ಜೋಗ ನೋಡಲು ಬಂದ ಫ್ರಾನ್ಸಿನ ದಂಪತಿ ಸಂಜೆ ಆರಕ್ಕೆ ನಮ್ಮಲ್ಲಿಗೆ ಬಂದರು. ಏಳಕ್ಕೆ ಮರ ಬಿದ್ದು ಕರೆಂಟು ಹೋಯಿತು, ಟವರಿನ ಬ್ಯಾಟರಿ ಮುಗಿದು ಸಿಗ್ನಲ್ಲೂ ಹೋಯಿತು. ಮರುದಿನ ಮಧ್ಯಾಹ್ನದವರೆಗೆ ಕಾದು, ಅವರ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೀಪಿನಲ್ಲಿ ಸಾಗರಕ್ಕೆ ಹೋದೆ. ಅಲ್ಲಿಯ ಸೈಬರ್ ಕೇಂದ್ರದಲ್ಲಿ ಕುಳಿತರೆ ಫೋಟೋದ ಗಾತ್ರ ಹೆಚ್ಚಾಯಿತೆಂದು ಪುಟ ಸ್ವೀಕರಿಸಲಿಲ್ಲ. ಅಂಗಡಿಯ ಹುಡುಗ ಅದನ್ನು ಸಣ್ಣದು ಮಾಡಿ ಕಳುಹಿಸುವ ಹೊತ್ತಿಗೆ ಸಂಜೆ ಐದೂ ಮುಕ್ಕಾಲು. ಹದಿನೈದು ನಿಮಿಷ ಉಳಿದಿತ್ತು. ಇತ್ತ ಆ ದಂಪತಿ ನಮ್ಮ ಜಗಲಿಯಲ್ಲಿ ಕುಳಿತು ಹಲಸಿನ ಹಪ್ಪಳ ತಿನ್ನುತ್ತ ಮಳೆ ನೋಡುತ್ತಿದ್ದರಂತೆ. ನಾನೆಲ್ಲಿಗೆ ಹೋಗಿದ್ದೆನೆಂದು ಅವರಿಗೆ ಇಂದಿಗೂ ತಿಳಿಯದು.

ಇದನ್ನೇಕೆ ಹೇಳಿದೆನೆಂದರೆ, ಮಾಲೀಕರು ಟಿಎಂ 30 ಸಲ್ಲಿಸಿಲ್ಲವೆಂದರೆ ಅದು ಉಡಾಫೆಯೇ ಆಗಿರಬೇಕೆಂದಿಲ್ಲ. ಅನೇಕರಿಗೆ ಅಂಥದೊಂದು ನಿಯಮವಿರುವುದೇ ಗೊತ್ತಿರುವುದಿಲ್ಲ. ನನಗೂ ಮೊದಲ ವರ್ಷ ಗೊತ್ತಿರಲಿಲ್ಲ, ಠಾಣೆಯವರು ಬಂದು ಹೇಳಿದ ಮೇಲೆ ತಿಳಿಯಿತು. ಜಗಳಕ್ಕೆ ಹೋಗದೆ, ಅರ್ಜಿಗೆ ಬೇಕಾದ ನಿಮ್ಮ ಕಾಗದಗಳನ್ನೆಲ್ಲ ನೀವೇ ಜೋಡಿಸಿ ಅವರ ಕೈಗೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಉತ್ತರ: ಕೊಪ್ಪದ ಮಗಳು, ನ್ಯೂಜೆರ್ಸಿ

ಅಮೆರಿಕದಲ್ಲಿ ನಿಯತಕಾಲಿಕ ವರದಿಯ ಕಾಟವಿಲ್ಲ, ಆದರೆ ಮನೆ ಬದಲಿಸಿದ 10 ದಿನದೊಳಗೆ ಎಆರ್-11 ಎಂಬ ಫಾರ್ಮಿನಲ್ಲಿ ಹೊಸ ವಿಳಾಸ ತಿಳಿಸಬೇಕು. ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದರೆ ಸಾಕೆಂದು ನಂಬಿ ನಾನು ಎರಡು ವರ್ಷ ಕಳೆದಿದ್ದೆ. ಹಾಗಾಗಿ ಈ ಪ್ರಶ್ನೆ ಓದುವಾಗ ನಗಲಾಗಲಿಲ್ಲ. ಹೊಸನಗರದ ಅಕ್ಕನವರಲ್ಲಿ ಒಂದು ಸಂದೇಹ: ಹೆಂಡತಿಯೂ ಮಗಳನ್ನು ಕರೆದುಕೊಂಡು ಊರಿಗೆ ಬರುವುದಾದರೆ, ಗಂಡನ ಮರುಪ್ರವೇಶದ ಅನುಮತಿ ಅವರಿಗೂ ಸಾಕಾಗುತ್ತದೆಯೇ?

ಉತ್ತರ: ಹೊಸನಗರದವಳು, ಬ್ಯಾಂಕಾಕ್

ಸಾಲದು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಮರುಪ್ರವೇಶದ ಅರ್ಜಿಯಾದ ಟಿಎಂ 8 ಸಲ್ಲಿಸಬೇಕು. ಒಂದು ಬಾರಿಗೆ 1,000 ಬಾತ್, ಅನೇಕ ಬಾರಿಗಾದರೆ 3,800. ವರ್ಷಕ್ಕೆ ನಾಲ್ಕು ಸಲ ಹೋಗಿ ಬರುವವರಿಗೆ ಎರಡನೆಯದು ಅಗ್ಗ. ಮರೆತರೆ ಸುವರ್ಣಭೂಮಿಯಲ್ಲಿಯೇ ಹೊರಡುವ ಮೊದಲು ಮಾಡಿಸಿಕೊಳ್ಳಬಹುದು, ಆದರೆ ಅದಕ್ಕೆ ಸಮಯ ಕೈಯಲ್ಲಿಟ್ಟುಕೊಂಡು ಹೋಗಬೇಕು.

ಪ್ರತಿಕ್ರಿಯೆ: ತುಂಗೆಯ ದಡದವನು. 3 ಡಿಸೆಂಬರ್

ನಡೆದದ್ದನ್ನು ತಿಳಿಸುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಸೋಮವಾರ ನನ್ನ ಹೆಂಡತಿ ಇಬ್ಬರ ಪಾಸ್‌ಪೋರ್ಟುಗಳನ್ನೂ ತೆಗೆದುಕೊಂಡು ಕಚೇರಿಗೆ ಹೋದಳು. ಅಕ್ಕನವರು ಹೇಳಿದಂತೆಯೇ ಹಳೆಯ ವಿಳಾಸ ತೆರೆದುಕೊಂಡು, ಟಿಎಂ 30 ಇಲ್ಲದೆ ವರದಿ ತೆಗೆದುಕೊಳ್ಳಲಾಗದು ಎಂದರಂತೆ. ಮನೆಯೊಡತಿ ವಯಸ್ಸಾದವರು, ಅವರಿಗೆ ನಿಜವಾಗಿಯೂ ಈ ನಿಯಮ ತಿಳಿದಿರಲಿಲ್ಲ. ಮರುದಿನ ಅವರ ಮಗ ಜೊತೆಗೆ ಬಂದು ಫಾರ್ಮ್ ಕೊಟ್ಟು, ತಡವಾದದ್ದಕ್ಕೆ 800 ಬಾತ್ ಕಟ್ಟಿದರು. ನಾವು ಕೊಡುತ್ತೇವೆಂದರೂ ಪೂರ್ತಿ ತೆಗೆದುಕೊಳ್ಳಲಿಲ್ಲ, ಅರ್ಧ ಮಾತ್ರ ತೆಗೆದುಕೊಂಡರು. ಬಳಿಕ 90 ದಿನದ ವರದಿ ಹತ್ತು ನಿಮಿಷದಲ್ಲಿ ಮುಗಿದು ಇಬ್ಬರಿಗೂ ಹೊಸ ಚೀಟಿ ಸಿಕ್ಕಿತು. ಅವರ ವಾಸದ ಮೊಹರಿನಲ್ಲಿಯೂ ಜನವರಿ 12 ಎಂದೇ ಇದೆ.

ಏಜೆಂಟರಿಗೆ ಇಮೇಲ್ ಬರೆದೆ. ಮೂರು ದಿನದ ನಂತರ ಬಂದ ಉತ್ತರದಲ್ಲಿ, ನಾನು ಜನವರಿ 20ಕ್ಕೆ ಬರುವುದು ತಮಗೆ ಗೊತ್ತೇ ಇರಲಿಲ್ಲ, 12ರೊಳಗೆ ಬರಲೇಬೇಕು ಎಂದಿತ್ತು. ರಜೆಯ ಅರ್ಜಿ ಹೋಗಿದ್ದು ಒಂದು ವಿಭಾಗಕ್ಕೆ, ವೀಸಾ ಕಡತವಿರುವುದು ಇನ್ನೊಂದರಲ್ಲಿ. ಟಿಕೆಟ್ಟನ್ನು ಜನವರಿ 5ಕ್ಕೆ ಬದಲಿಸಿದ್ದೇನೆ, ಹೆಚ್ಚುವರಿ ಹಣ ಹೋಯಿತು. ನಡುವೆ ಹೋಗಿ ಬರುವ ಯೋಚನೆಯನ್ನು ಕೈಬಿಟ್ಟೆ, ಏಕೆಂದರೆ ಡಿಸೆಂಬರ್ ನಡುವೆಯೇ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಸಿಗುವುದು. ಅವನು ನಮ್ಮ ಕಡೆಯ ಹನ್ನೊಂದು ತೋಟಗಳಿಗೆ ಒಬ್ಬನೇ, ಅವನು ಕೊಟ್ಟ ದಿನ ತಪ್ಪಿದರೆ ಮತ್ತೆ ಹದಿನೈದು ದಿನ ಕಾಯಬೇಕು. ಜನವರಿಯ ಕೊನೆಯ ಕೊಯ್ಲನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವುದೆಂದು ತಂದೆಯವರೇ ನಿನ್ನೆ ರಾತ್ರಿ ಹೇಳಿದರು. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ನಲವತ್ತು ವರ್ಷದಲ್ಲಿ ನಮ್ಮ ತೋಟವನ್ನು ಚೇಣಿಗೆ ಕೊಟ್ಟದ್ದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಡಿಕೆ ಸುಲಿಯುವವರ ಲೆಕ್ಕದ ಪಕ್ಕದಲ್ಲಿಯೇ ಅವರು ಜನವರಿ 12ಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ, ‘ಥಾಯ್ಲೆಂಡ್ ಕಡೇ ದಿನ’ ಎಂದು.